‘ಮಗ ಫೋನ್ ಎತ್ತಲ್ಲ, ಮೇಲ್‌ಬಾಕ್ಸ್ ತುಂಬಿದೆ ಅನ್ನುತ್ತೆ’: ಸಾಗರದ ತಾಯಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಮತ್ತು ನಮ್ಮ ಯಜಮಾನರು ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದೇವೆ. ಮಗ ಅಮೆರಿಕದ ಡಲ್ಲಾಸ್‌ನಲ್ಲಿ, ಮಗಳು ಬೆಂಗಳೂರಿನಲ್ಲಿ. ಕಳೆದ ಜೂನ್‌ನಲ್ಲಿ ಒಂದು ರಾತ್ರಿ ಒಂದೂವರೆ ಹೊತ್ತಿಗೆ ಇವರಿಗೆ ಎದೆನೋವು ಬಂತು. ಗಾಬರಿಯಲ್ಲಿ ಮೊದಲು ಮಗನಿಗೇ ಫೋನ್ ಮಾಡಿದೆ. ವಾಟ್ಸಾಪ್‌ನಲ್ಲಿ ರಿಂಗ್ ಆಗ್ತಾನೇ ಇತ್ತು, ಎತ್ತಲಿಲ್ಲ. ಮಾಮೂಲಿ ಕರೆ ಮಾಡಿದರೆ ಮೇಲ್‌ಬಾಕ್ಸ್ ತುಂಬಿದೆ ಅಂತ ಇಂಗ್ಲಿಷ್‌ನಲ್ಲಿ ಹೇಳಿ ಕಟ್ ಆಗುತ್ತಿತ್ತು. ನಾಲ್ಕೈದು ಸಲ ಹಾಗೇ ಆಗಿ ಕರೆನ್ಸಿಯೂ ಖಾಲಿಯಾಯ್ತು. ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಹೋದೆವು. ಅಷ್ಟರಲ್ಲಿ ನನ್ನ ಫೋನಿನ ಚಾರ್ಜೂ ಮುಗಿದಿತ್ತು. ಆಸ್ಪತ್ರೆಯ ಫೋನಿನಿಂದ ಮಗಳಿಗೆ ಮಾಡಿದರೆ ಅವಳೂ ಎತ್ತಲಿಲ್ಲ. ‘ಗೊತ್ತಿಲ್ಲದ ನಂಬರ್ ಎತ್ತಲ್ಲ ಅಮ್ಮ’ ಅಂತ ಆಮೇಲೆ ಹೇಳಿದಳು. ದೇವರ ದಯೆ, ಇವರು ಈಗ ಆರಾಮಾಗಿದ್ದಾರೆ. ಆದರೆ ಮಗ ಹೇಳಿದ ಮಾತು ಮನಸ್ಸಿನಿಂದ ಹೋಗಿಲ್ಲ. ‘ಮಿಸ್ಡ್ ಕಾಲ್ ನೋಡಿದೆ, ಮೆಸೇಜ್ ಇರಲಿಲ್ಲ, ಅರ್ಜೆಂಟ್ ಏನಿಲ್ಲ ಅಂದ್ಕೊಂಡೆ’ ಅಂದ. ಅಷ್ಟು ಸಲ ಮಾಡಿದ್ದು ಕಾಣಲಿಲ್ಲವಾ? ರಿಂಗ್ ಆಗಿದೆ ಅಂದಮೇಲೆ ಕೇಳಿಸಿಯೇ ಇರುತ್ತದಲ್ಲವಾ? ನಾನೂ ವಾಯ್ಸ್‌ಮೇಲ್ ಹಾಕಿಸಿಕೊಳ್ಳಬೇಕಾ? ಪರಿಚಯದ ಹುಡುಗನೊಬ್ಬ ಏನೋ ಕೋಡ್ ಒತ್ತಿ ನನ್ನ ಕರೆಗಳು ಬೇರೆ ಫೋನಿಗೆ ಹೋಗುವಂತೆ ಮಾಡಿಕೊಡುತ್ತೇನೆ ಅನ್ನುತ್ತಾನೆ, ಮಾಡಿಸಲಾ? ಮಗ ಈಗ ಐದೈದು ನಿಮಿಷದ ವಾಯ್ಸ್ ಮೆಸೇಜ್ ಕಳಿಸುತ್ತಾನೆ. ಅದನ್ನು ಹಾಕಿದರೆ ಮನೆಗೆ ಬಂದವರಿಗೆಲ್ಲ ಕೇಳಿಸುತ್ತೆ. ಇನ್ನೊಂದು, ಲ್ಯಾಂಡ್‌ಲೈನ್ ದಂಡ, ತೆಗೆಸಿಬಿಡೋಣ ಅಂತ ಇವರು ಹೇಳುತ್ತಿದ್ದಾರೆ.

ಉತ್ತರ:

ನಿಮ್ಮ ಯಜಮಾನರು ಹುಷಾರಾಗಿದ್ದಾರೆ ಎಂದು ಓದಿ ಸಮಾಧಾನವಾಯಿತು. ನೀವು ಕೇಳಿರುವ ಪ್ರಶ್ನೆಗಳು ಐದಾರು ಇವೆ. ಆದರೆ ಎಲ್ಲದರ ಅಡಿಯಲ್ಲಿ ಇರುವ ಸಂಕಟ ಒಂದೇ: ಕಷ್ಟ ಬಂದಾಗ ಮಕ್ಕಳು ಬೇಕಂತಲೇ ಫೋನ್ ಎತ್ತಲಿಲ್ಲವಾ ಅನ್ನೋದು. ಮೊಬೈಲ್ ನೆಟ್‌ವರ್ಕ್ ಕೆಲಸದಲ್ಲಿ ವರ್ಷಗಟ್ಟಲೆ ಇದ್ದವನಾಗಿ ಇದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ನೀವು ಬರೆದಿರುವ ಯಾವ ಸಂಗತಿಯಿಂದಲೂ ಹಾಗೆ ತೀರ್ಮಾನಿಸಲು ಆಗುವುದಿಲ್ಲ. ಆ ರಾತ್ರಿ ಆದದ್ದರಲ್ಲಿ ಹೆಚ್ಚಿನದು ಫೋನಿನ ಸೆಟ್ಟಿಂಗ್‌ನಿಂದ ಆದದ್ದು. ಉಳಿದದ್ದು, ಎರಡು ದೇಶಗಳಲ್ಲಿ ಫೋನ್ ಬಳಸುವ ಅಭ್ಯಾಸ ಬೇರೆ ಬೇರೆ ಆಗಿರುವುದರಿಂದ. ಎರಡನ್ನೂ ಸರಿಮಾಡಬಹುದು.

ಒಂದು ಲೆಕ್ಕ ನೋಡಿ. ಜೂನ್‌ನಲ್ಲಿ ಡಲ್ಲಾಸ್ ನಮಗಿಂತ ಹತ್ತೂವರೆ ಗಂಟೆ ಹಿಂದೆ ಇರುತ್ತದೆ. ನಿಮಗೆ ರಾತ್ರಿ ಒಂದೂವರೆ ಅಂದರೆ ಅವರಿಗೆ ಹಿಂದಿನ ದಿನದ ಮಧ್ಯಾಹ್ನ ಮೂರು. ಹಗಲು, ಎಚ್ಚರ ಇರುತ್ತಾನೆ ಎಂದು ನಿಮಗೆ ಅನ್ನಿಸಿದ್ದು ಸರಿಯೇ. ಆದರೆ ಅದು ಆಫೀಸಿನಲ್ಲಿ ಮೀಟಿಂಗ್ ನಡೆಯುವ ಹೊತ್ತು. ಫೋನ್ ಸೈಲೆಂಟ್‌ನಲ್ಲಿ ಇರುವ ಹೊತ್ತು.

ರಿಂಗ್ ಆಗಿದೆ ಅಂದಮೇಲೆ ಕೇಳಿಸಿರಬೇಕು ಅನ್ನೋದು ತುಂಬ ಜನ ನಂಬಿರುವ ಮಾತು. ಅದು ನಿಜವಲ್ಲ. ವಾಟ್ಸಾಪ್‌ನಲ್ಲಿ ಕರೆ ಮಾಡಿದಾಗ ಪರದೆಯ ಮೇಲೆ ಮೊದಲು ‘ಕಾಲಿಂಗ್’ ಎಂದು ಬರುತ್ತದೆ. ಆ ಕಡೆಯ ಫೋನಿಗೆ ಕರೆ ಮುಟ್ಟಿದ ಮೇಲೆ ಅದು ‘ರಿಂಗಿಂಗ್’ ಆಗುತ್ತದೆ. ‘ರಿಂಗಿಂಗ್’ ಅಂದರೆ ಕರೆ ಫೋನಿಗೆ ಮುಟ್ಟಿದೆ ಅಂತ ಮಾತ್ರ. ಮನುಷ್ಯನ ಕಿವಿಗೆ ಮುಟ್ಟಿದೆ ಅಂತಲ್ಲ. ಇನ್ನು ವಿದೇಶಕ್ಕೆ ಮಾಡುವ ಮಾಮೂಲಿ ಕರೆ ಹಲವು ಕಂಪನಿಗಳ ಕೈ ದಾಟಿ ಹೋಗುತ್ತದೆ. ಕೆಲವು ಸಲ ಆ ಕಡೆ ಫೋನ್ ಬಡಿಯುವ ಮೊದಲೇ ದಾರಿಯಲ್ಲಿ ಯಾವುದೋ ಯಂತ್ರ ನಿಮ್ಮ ಕಿವಿಗೆ ರಿಂಗ್ ಸದ್ದು ಕೊಟ್ಟಿರುತ್ತದೆ.

ಇದೇ ಸಾಲಿನ ಇನ್ನೆರಡು ತಪ್ಪು ತಿಳಿವಳಿಕೆಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕಂದರೆ ಇವುಗಳಿಂದ ಮನೆಮನೆಗಳಲ್ಲಿ ಜಗಳ ಆಗಿರುವುದನ್ನು ನೋಡಿದ್ದೇನೆ. ‘ಬೇರೆ ಕರೆಯಲ್ಲಿ ನಿರತರಾಗಿದ್ದಾರೆ’ ಎಂದು ಬಂದರೆ ಕರೆ ಕಟ್ ಮಾಡಿದರು ಎಂದು ಹಲವರು ತಿಳಿಯುತ್ತಾರೆ. ನಿಜವಾಗಿ ಮಾತಾಡುತ್ತಿದ್ದರೂ, ಕಟ್ ಮಾಡಿದರೂ ಅದೇ ಧ್ವನಿ ಬರಬಹುದು. ಹೊರಗಿನಿಂದ ಕೇಳುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ‘ಸ್ವಿಚ್ ಆಫ್ ಆಗಿದೆ’ ಎಂಬುದೂ ಹಾಗೆಯೇ. ಫೋನನ್ನು ಸರಿಯಾಗಿ ಆಫ್ ಮಾಡಿದರೆ ಅದು ಹೋಗುವ ಮುಂಚೆ ನೆಟ್‌ವರ್ಕಿಗೆ ತಿಳಿಸಿ ಹೋಗುತ್ತದೆ. ಸಿಗ್ನಲ್ ಇಲ್ಲದ ಜಾಗಕ್ಕೆ ಹೋದರೆ ಹಾಗೆ ತಿಳಿಸುವುದಿಲ್ಲ. ಆಗ ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಎಂದು ಬರುತ್ತದೆ. ಆದರೆ ತುಂಬ ಹೊತ್ತು ಫೋನಿನಿಂದ ಸುದ್ದಿಯೇ ಬರದಿದ್ದರೆ ನೆಟ್‌ವರ್ಕ್ ಅದನ್ನು ಆಫ್ ಆದ ಫೋನಿನ ಲೆಕ್ಕಕ್ಕೇ ಹಾಕಿಕೊಳ್ಳುತ್ತದೆ. ಅಂದರೆ ನೀವು ತೋಟದಲ್ಲಿ ಸಿಗ್ನಲ್ ಇಲ್ಲದೆ ಅರ್ಧ ದಿನ ಇದ್ದರೆ, ನಿಮ್ಮ ಮಗನಿಗೂ ‘ಅಮ್ಮ ಫೋನ್ ಆಫ್ ಮಾಡಿದ್ದಾಳೆ’ ಎಂದು ಕಾಣಬಹುದು.

ಅಮೆರಿಕದ ಅಭ್ಯಾಸ, ನಮ್ಮ ಅಭ್ಯಾಸ

ಈಗ ‘ಮೆಸೇಜ್ ಇರಲಿಲ್ಲ, ಅರ್ಜೆಂಟ್ ಇಲ್ಲ ಅಂದ್ಕೊಂಡೆ’ ಎಂಬ ಮಾತಿಗೆ ಬರೋಣ. ನಿಮಗೆ ಅತಿ ಹೆಚ್ಚು ನೋವಾಗಿರುವುದು ಇದರಿಂದಲೇ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ಆದದ್ದು 1995ರ ಜುಲೈ 31ರಂದು, ಕೋಲ್ಕತ್ತಾದಿಂದ ದೆಹಲಿಗೆ. ಆ ಕಾಲದಲ್ಲಿ ಕರೆ ಮಾಡಿದರೂ ದುಡ್ಡು, ಬಂದ ಕರೆ ಎತ್ತಿದರೂ ದುಡ್ಡು. ಕರೆ ಮಾಡಿದವರು ಮಾತ್ರ ಹಣ ಕೊಡುವ ಪದ್ಧತಿ ಬಂದದ್ದು 2003ರಲ್ಲಿ. ಅದಾದ ಮೇಲೂ ಮಾಡುವವರಿಗೆ ಒಂದೊಂದು ನಿಮಿಷವೂ ಲೆಕ್ಕವೇ ಆಗಿತ್ತು. ಅದಕ್ಕೇ ನಾವು ಮಿಸ್ಡ್ ಕಾಲ್ ಕಂಡುಕೊಂಡೆವು. ಒಂದು ರಿಂಗ್ ಕೊಟ್ಟು ಕಟ್ ಮಾಡಿದರೆ ‘ಬಸ್ ಇಳಿದೆ’, ಎರಡು ಸಲ ಕೊಟ್ಟರೆ ‘ನೀನೇ ಮಾಡು’. ಇದು ಎಷ್ಟು ಬೇರೂರಿತ್ತು ಅಂದರೆ, ಮಿಸ್ಡ್ ಕಾಲನ್ನೇ ನಂಬಿಕೊಂಡು ಬೆಂಗಳೂರಿನಲ್ಲಿ ಜಿಪ್‌ಡಯಲ್ ಎಂಬ ಕಂಪನಿ ಹುಟ್ಟಿತು. 2015ರಲ್ಲಿ ಅದನ್ನು ಟ್ವಿಟರ್ ಕೊಂಡುಕೊಂಡಿತು. ಕರೆ ಎತ್ತದಿದ್ದಾಗ ಮಾಡಿದವರ ಮಾತನ್ನು ರೆಕಾರ್ಡ್ ಮಾಡಿ ‘ಮೇಲ್‌ಬಾಕ್ಸ್’ನಲ್ಲಿ ಇಡುವ ವಾಯ್ಸ್‌ಮೇಲ್‌ಗೆ ಇಂಥ ಕಡೆ ನಿಲ್ಲಲು ಜಾಗವೇ ಇರಲಿಲ್ಲ. ವಾಯ್ಸ್‌ಮೇಲ್‌ನ ಯಂತ್ರ ಎತ್ತಿಕೊಂಡರೂ ಕರೆ ಎತ್ತಿದಂತೆಯೇ ಲೆಕ್ಕ, ದುಡ್ಡು ಹೋಗುತ್ತದೆ. ಮಿಸ್ಡ್ ಕಾಲಿಗೆ ಹೋಗುವುದಿಲ್ಲ. ಆ ರಾತ್ರಿ ನಿಮ್ಮ ಕರೆನ್ಸಿ ಖಾಲಿಯಾದದ್ದೂ ಹೀಗೇ ಇರಬೇಕು. ಮೇಲ್‌ಬಾಕ್ಸ್ ತುಂಬಿದೆ ಎಂದು ಯಂತ್ರ ಹೇಳಿದಷ್ಟು ಸಲವೂ ನಿಮ್ಮ ಐಎಸ್‌ಡಿ ಕರೆ ಸೇರಿದೆ ಎಂದೇ ಲೆಕ್ಕವಾಗಿರುತ್ತದೆ.

ಅಮೆರಿಕದಲ್ಲಿ ಇದು ಪೂರ್ತಿ ಬೇರೆ. ಮೊಬೈಲ್ ಬರುವ ಮುಂಚೆಯೇ ಅಲ್ಲಿನ ಮನೆಗಳಲ್ಲಿ ಮಾತು ರೆಕಾರ್ಡ್ ಮಾಡಿಕೊಳ್ಳುವ ಯಂತ್ರ ಇತ್ತು. ‘ಬೀಪ್ ಆದ ಮೇಲೆ ಹೇಳಿ’ ಎನ್ನುವುದು ಎಲ್ಲರಿಗೂ ರೂಢಿ. ಮೊಬೈಲ್ ಬಂದಾಗ ವಾಯ್ಸ್‌ಮೇಲ್ ಅದರ ಜೊತೆಯಲ್ಲೇ ಬಂತು. ಅಲ್ಲಿ ನಿಜವಾದ ಕೆಲಸ ಇದ್ದವರು ಮೆಸೇಜ್ ಬಿಡುತ್ತಾರೆ. ಮೆಸೇಜ್ ಬಿಡದವರ ಕೆಲಸ ಅಷ್ಟು ತುರ್ತಿನದಲ್ಲ ಎಂದು ತಿಳಿಯುತ್ತಾರೆ. ನಿಮ್ಮ ಮಗ ಅಲ್ಲಿ ಇದ್ದೂ ಇದ್ದೂ ಅದನ್ನೇ ಕಲಿತಿದ್ದಾನೆ. ನೀವು ‘ಇಷ್ಟು ಸಲ ಕರೆ ಮಾಡಿದರೆ ಅರ್ಥವಾಗಬೇಡವಾ’ ಎಂದುಕೊಂಡಿರಿ. ಅವನು ‘ಏನಾದರೂ ಆಗಿದ್ದರೆ ಅಮ್ಮ ಹೇಳಿರುತ್ತಿದ್ದಳು’ ಎಂದುಕೊಂಡ. ಒಂದೇ ಮಿಸ್ಡ್ ಕಾಲನ್ನು ಇಬ್ಬರೂ ಎರಡು ಥರ ಓದಿದಿರಿ.

ಆದರೆ ಇಲ್ಲಿ ಮಗನ ಕಡೆ ತಪ್ಪಿದೆ. ಅದನ್ನು ನಾನು ಮುಚ್ಚಿಡುವುದಿಲ್ಲ. ಮೆಸೇಜ್ ಬಿಡಿ ಎಂದು ಹೇಳುವವರ ಮೇಲ್‌ಬಾಕ್ಸ್‌ನಲ್ಲಿ ಜಾಗ ಇರಬೇಕು. ತುಂಬಿದ ಮೇಲ್‌ಬಾಕ್ಸ್ ಇಟ್ಟುಕೊಂಡು ಮೆಸೇಜ್ ಇರಲಿಲ್ಲ ಎಂದರೆ ಹೇಗೆ? ಅವನಿಗೆ ಅದು ತುಂಬಿದೆ ಎಂದು ಗೊತ್ತೇ ಇಲ್ಲದಿರಬಹುದು. ಯಾಕೆ ತುಂಬುತ್ತದೆ ಅಂದರೆ, ಅಲ್ಲಿ ವಿಮೆ, ಸಾಲ, ಕಾರಿನ ವಾರಂಟಿ ಎಂದು ಯಂತ್ರಗಳೇ ಕರೆ ಮಾಡಿ ಮೆಸೇಜ್ ಬಿಡುತ್ತವೆ. ಯಾರೂ ಅದನ್ನು ಕೇಳುವುದಿಲ್ಲ, ಅಳಿಸುವುದೂ ಇಲ್ಲ. ಐಫೋನ್‌ನಲ್ಲಿ ಇನ್ನೊಂದು ತೊಡಕಿದೆ. ಅಳಿಸಿದ ವಾಯ್ಸ್‌ಮೇಲ್‌ಗಳು ‘ಡಿಲೀಟೆಡ್ ಮೆಸೇಜಸ್’ ಎಂಬ ಕಡೆ ಹೋಗಿ ಕೂತಿರುತ್ತವೆ. ಅಲ್ಲಿ ‘ಕ್ಲಿಯರ್ ಆಲ್’ ಒತ್ತುವವರೆಗೂ ಅವು ಪೂರ್ತಿ ಹೋಗುವುದಿಲ್ಲ. ಎಲ್ಲ ಅಳಿಸಿದ್ದೇನಲ್ಲ ಎನ್ನುವವರ ಮೇಲ್‌ಬಾಕ್ಸ್ ಕೂಡ ಇದರಿಂದ ತುಂಬಿರಬಹುದು. ಮುಂದಿನ ಸಲ ವಿಡಿಯೋ ಕರೆಯಲ್ಲಿ ಸಿಕ್ಕಾಗ ನಿಮ್ಮೆದುರೇ ಇದನ್ನು ಮಾಡಲು ಹೇಳಿ. ಎರಡು ನಿಮಿಷದ ಕೆಲಸ.

ಮಗನ ಫೋನಿನಲ್ಲಿ ಬದಲಿಸಬೇಕಾದದ್ದು

ಅದೇ ವಿಡಿಯೋ ಕರೆಯಲ್ಲಿ ಇನ್ನೂ ಮೂರು ನಾಲ್ಕು ವಿಷಯ ನೋಡಿಸಿ. ಈ ಭಾಗವನ್ನು ಮಗನಿಗೆ ಹಾಗೇ ಕಳಿಸಿದರೂ ಆಗುತ್ತದೆ.

ಮೊದಲನೆಯದು, ನಿಮ್ಮ ನಂಬರ್ ಅವನ ಫೋನಿನಲ್ಲಿ ಹೇಗೆ ಸೇವ್ ಆಗಿದೆ ಅನ್ನೋದು. ಇಲ್ಲಿದ್ದಾಗ ಬರೀ ಹತ್ತು ಅಂಕಿ ಹಾಕಿ ಸೇವ್ ಮಾಡಿಕೊಂಡು ಹೋಗಿರುತ್ತಾರೆ. ಅಮೆರಿಕದ ಫೋನ್ ನಂಬರಿಗೂ ಹತ್ತೇ ಅಂಕಿ. ಹಾಗಾಗಿ ನೀವು ಕರೆ ಮಾಡಿದಾಗ ಅದು ಆ ಹೆಸರಿಗೆ ಹೊಂದದೆ ಹೋಗಬಹುದು. +91 ಸೇರಿಸಿಯೇ ಸೇವ್ ಮಾಡಬೇಕು. ಐಫೋನ್‌ನಲ್ಲಿ ಗೊತ್ತಿಲ್ಲದ ಕರೆಗಳನ್ನು ಸದ್ದಿಲ್ಲದೆ ವಾಯ್ಸ್‌ಮೇಲ್‌ಗೆ ಕಳಿಸುವ ಸೆಟ್ಟಿಂಗ್ 2019ರಿಂದ ಇದೆ. ಅಲ್ಲಿನವರು ಅದನ್ನು ತುಂಬ ಬಳಸುತ್ತಾರೆ, ಕಾರಣವೂ ಇದೆ. ನಿಮ್ಮ ನಂಬರ್ ಹೆಸರಿಗೆ ಹೊಂದದಿದ್ದರೆ ಹೆತ್ತ ತಾಯಿಯೂ ಆ ಫೋನಿಗೆ ಅಪರಿಚಿತರೇ. ಫೋನ್ ಬಡಿಯುವುದೇ ಇಲ್ಲ. ಹೊಸ ಐಫೋನ್‌ಗಳಲ್ಲಿ ಫೋನೇ ಮಾತಾಡಿ ‘ಯಾರು, ಏನು ವಿಷಯ’ ಎಂದು ಕೇಳುವ ಸೌಲಭ್ಯ ಬಂದಿದೆ. ಯಾವಾಗಲಾದರೂ ಯಂತ್ರದ ಧ್ವನಿ ಹಾಗೆ ಕೇಳಿದರೆ ಗಾಬರಿಯಾಗಿ ಇಡಬೇಡಿ. ಹೆಸರು ಹೇಳಿ, ವಿಷಯ ಹೇಳಿ, ಕಾಯಿರಿ.

ಎರಡನೆಯದು ಇದಕ್ಕಿಂತ ಮುಖ್ಯ. ಐಫೋನ್‌ನಲ್ಲಿ ನಿಮ್ಮ ಹೆಸರು ತೆರೆದು, ಎಡಿಟ್ ಒತ್ತಿ, ರಿಂಗ್‌ಟೋನ್ ಒಳಗೆ ಹೋದರೆ ‘ಎಮರ್ಜೆನ್ಸಿ ಬೈಪಾಸ್’ ಎಂದು ಇರುತ್ತದೆ. ಅದನ್ನು ಆನ್ ಮಾಡಿದರೆ ಫೋನ್ ಸೈಲೆಂಟ್‌ನಲ್ಲಿ ಇದ್ದರೂ ನಿಮ್ಮ ಕರೆ ಬಡಿಯುತ್ತದೆ. ಆಂಡ್ರಾಯ್ಡ್‌ನಲ್ಲಿ ನಿಮ್ಮ ಹೆಸರಿಗೆ ನಕ್ಷತ್ರ ಹಾಕಿ, ‘ಡು ನಾಟ್ ಡಿಸ್ಟರ್ಬ್’ ಸೆಟ್ಟಿಂಗ್‌ನಲ್ಲಿ ನಕ್ಷತ್ರ ಹಾಕಿದವರ ಕರೆ ಬಿಡುವಂತೆ ಮಾಡಬಹುದು. ಅದು ‘ಡು ನಾಟ್ ಡಿಸ್ಟರ್ಬ್’ಗೆ ಮಾತ್ರ. ಫೋನ್ ಪೂರ್ತಿ ಸೈಲೆಂಟ್ ಮಾಡಿಟ್ಟರೆ ಅದೂ ನಡೆಯುವುದಿಲ್ಲ. ಇದರಲ್ಲಿ ಒಂದು ತೊಂದರೆ ಇದೆ, ಮೊದಲೇ ಗೊತ್ತಿರಲಿ. ನೀವು ಸುಮ್ನೆ ಮಾತಾಡೋಣ ಅಂತ ಮಾಡಿದ ಕರೆಯೂ ಮೀಟಿಂಗ್ ನಡುವೆ ಜೋರಾಗಿ ಬಡಿಯುತ್ತದೆ. ಎರಡು ಸಲ ಹಾಗಾದರೆ ಅವನೇ ಅದನ್ನು ಆಫ್ ಮಾಡುತ್ತಾನೆ. ಅದಕ್ಕೇ ಮಾತುಕತೆಗೆ ವಾಟ್ಸಾಪ್ ಕರೆ, ತುರ್ತಿಗೆ ಮಾತ್ರ ಮಾಮೂಲಿ ಕರೆ ಎಂದು ಇಬ್ಬರೂ ಒಪ್ಪಿಕೊಳ್ಳಿ. ವಾಟ್ಸಾಪ್ ಕರೆಗೆ ಈ ಬೈಪಾಸ್ ಕೆಲಸ ಮಾಡುವುದಿಲ್ಲ ಎಂದೇ ಇಟ್ಟುಕೊಳ್ಳಿ. ನಿಮ್ಮ ಫೋನಿನಲ್ಲಿ ಐಎಸ್‌ಡಿ ಸೌಲಭ್ಯ, ಅದಕ್ಕೆ ಬೇಕಾದ ಕರೆನ್ಸಿ ಯಾವಾಗಲೂ ಇರಲಿ.

ಇನ್ನೊಂದು ಉಪಾಯ ಯಾವ ಬೈಪಾಸೂ ಇಲ್ಲದೆ ನಡೆಯುತ್ತದೆ. ಐಫೋನ್ ‘ಡು ನಾಟ್ ಡಿಸ್ಟರ್ಬ್’ನಲ್ಲಿ ಇದ್ದಾಗ, ಒಂದೇ ನಂಬರಿನಿಂದ ಮೂರು ನಿಮಿಷದೊಳಗೆ ಎರಡನೇ ಸಲ ಕರೆ ಬಂದರೆ ಅದನ್ನು ತಡೆಯದೆ ಬಿಡುವ ಸೆಟ್ಟಿಂಗ್ ಇದೆ. ಆಂಡ್ರಾಯ್ಡ್‌ನಲ್ಲಿ ಇದೇ ಥರದ್ದು ಹದಿನೈದು ನಿಮಿಷಕ್ಕೆ ಇದೆ. ಅದು ಆನ್ ಆಗಿದೆಯಾ ನೋಡಿಸಿ. ಆಮೇಲೆ ನಿಮಗೆ ನೆನಪಿರಬೇಕಾದದ್ದು ಇಷ್ಟೇ: ತುರ್ತಿದ್ದರೆ ಮಾಮೂಲಿ ಕರೆಯನ್ನು ಬೆನ್ನುಬೆನ್ನಿಗೆ ಎರಡು ಸಲ ಮಾಡುವುದು. ಒಮ್ಮೆ ವಾಟ್ಸಾಪ್, ಒಮ್ಮೆ ಮಾಮೂಲಿ ಎಂದು ಬದಲಾಯಿಸುತ್ತಾ ಹೋದರೆ ಫೋನಿಗೆ ಅದು ಎರಡನೇ ಸಲ ಎಂದು ಗೊತ್ತಾಗುವುದಿಲ್ಲ.

ಎರಡು ಸಲಕ್ಕೂ ಎತ್ತದಿದ್ದರೆ ವಾಯ್ಸ್‌ಮೇಲ್ ಬಿಡಿ. ಬೀಪ್ ಆದ ಕೂಡಲೇ ಮೊದಲ ಮಾತು ಇಂಗ್ಲಿಷ್‌ನಲ್ಲಿ ಇರಲಿ: ‘ಎಮರ್ಜೆನ್ಸಿ, ಅಪ್ಪ ಹಾಸ್ಪಿಟಲ್’. ಕಾರಣ ಇದೆ. ಈಗ ಅಲ್ಲಿ ತುಂಬ ಜನ ವಾಯ್ಸ್‌ಮೇಲ್ ಕೇಳುವುದಿಲ್ಲ, ಫೋನ್ ಅದನ್ನು ಅಕ್ಷರ ಮಾಡಿ ತೋರಿಸಿದ್ದನ್ನು ಓದುತ್ತಾರೆ. ಆ ಸೌಲಭ್ಯ ಇಂಗ್ಲಿಷ್‌ಗೆ ತಕ್ಕಂತೆ ಮಾಡಿದ್ದು. ನೀವು ಪೂರ್ತಿ ಕನ್ನಡದಲ್ಲಿ ಹೇಳಿದರೆ ಅದು ಅರ್ಥವಿಲ್ಲದ ಇಂಗ್ಲಿಷ್ ಪದಗಳ ಸಾಲಾಗಿ ಕಾಣುತ್ತದೆ. ಮಗ ಯಾವುದೋ ಕಂಪನಿಯ ಕಾಟ ಎಂದು ಅಳಿಸಿಬಿಡಬಹುದು. ಆ ಎರಡು ಮೂರು ಪದ ಸರಿಯಾಗಿ ಬಿದ್ದರೆ ಸಾಕು. ಆಮೇಲೆ ಎಲ್ಲಿದ್ದೀರಿ, ಯಾವ ನಂಬರಿಗೆ ವಾಪಸ್ ಮಾಡಬೇಕು ಎಂದು ಕನ್ನಡದಲ್ಲಿ ನಿಧಾನವಾಗಿ ಹೇಳಿ.

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕರೆ

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ನೇರವಾಗಿ ಹೇಳಬೇಕು. ಎದೆನೋವಿನ ರಾತ್ರಿಯಲ್ಲಿ ಡಲ್ಲಾಸ್‌ನಲ್ಲಿ ಇರುವ ಮಗ ಮೊದಲ ರಿಂಗಿಗೇ ಎತ್ತಿದ್ದರೂ ಆ ಕ್ಷಣಕ್ಕೆ ಅವನಿಂದ ಆಗುತ್ತಿದ್ದದ್ದು ಕಡಿಮೆ. ನಿಮ್ಮನ್ನು ದೂರುತ್ತಿಲ್ಲ. ಗಾಬರಿಯಲ್ಲಿ ಮನಸ್ಸು ಮಕ್ಕಳ ಕಡೆಗೇ ಓಡುತ್ತದೆ, ಅದು ಸಹಜ. ಆದರೆ ಮುಂದೆ ಇಂಥದ್ದು ಬಂದರೆ ಮೊದಲ ಕರೆ 108ಕ್ಕೆ, ಆಂಬುಲೆನ್ಸಿಗೆ. ಎರಡನೆಯದು ಪಕ್ಕದ ಮನೆಗೆ. ಮೂರನೆಯದು ಬೆಂಗಳೂರಿನ ಮಗಳಿಗೆ. ಮಗನಿಗೆ ತಿಳಿಸುವ ಕೆಲಸವನ್ನು ಮಗಳಿಗೆ ಬಿಡಿ. ಅವಳು ಅವನ ಆಫೀಸ್ ನಂಬರ್, ಜೊತೆಗಿರುವವರ ನಂಬರ್ ಎಲ್ಲ ಇಟ್ಟುಕೊಂಡಿರಲಿ. ಈ ನಾಲ್ಕು ನಂಬರ್‌ಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಮೊಬೈಲ್ ಚಾರ್ಜ್ ಹೋದರೆ ಒಳಗೆ ಸೇವ್ ಆಗಿರುವ ನಂಬರ್‌ಗಳೂ ಸಿಗುವುದಿಲ್ಲ. ಆ ರಾತ್ರಿ ಮಗಳ ನಂಬರ್ ನಿಮಗೆ ಬಾಯಿಪಾಠ ಇದ್ದದ್ದು ಒಳ್ಳೆಯದಾಯಿತು.

ಮಗಳು ಗೊತ್ತಿಲ್ಲದ ನಂಬರ್ ಎತ್ತದೆ ಇದ್ದದ್ದಕ್ಕೆ ಅವಳ ಮೇಲೆ ಸಿಟ್ಟು ಮಾಡಬೇಡಿ. ಈಗ ಬರುವ ಕಾಟದ ಕರೆಗಳನ್ನು, ಮೋಸದ ಕರೆಗಳನ್ನು ನೋಡಿದರೆ ಅವಳದ್ದು ಎಚ್ಚರಿಕೆ. ಒಂದಷ್ಟನ್ನು ಕಡಿಮೆ ಮಾಡಲು ದಾರಿಗಳಿವೆ. 1909ಕ್ಕೆ ಕರೆ ಮಾಡಿ ಅಥವಾ ಎಸ್ಸೆಮ್ಮೆಸ್ ಕಳಿಸಿ ಜಾಹೀರಾತಿನ ಕರೆಗಳನ್ನು ನಿಲ್ಲಿಸಲು ಹೆಸರು ನೋಂದಾಯಿಸಬಹುದು. 140ರಿಂದ ಶುರುವಾಗುವ ನಂಬರ್ ಅಂದರೆ ಮಾರಾಟದ ಕರೆ. ಬ್ಯಾಂಕ್, ಸರ್ಕಾರಿ ಇಲಾಖೆಗಳ ಕೆಲಸದ ಕರೆಗಳಿಗೆಂದು 1600ರಿಂದ ಶುರುವಾಗುವ ನಂಬರ್‌ಗಳನ್ನು ಕೊಡಲಾಗಿದೆ. ಆದರೆ ಆಸ್ಪತ್ರೆಯ ರಿಸೆಪ್ಷನ್ನಿನ ಫೋನ್ ಇದ್ಯಾವ ಗುಂಪಿನಲ್ಲೂ ಬರುವುದಿಲ್ಲ. ಅದಕ್ಕೆ ನೀವು ಹೋಗುವ ಆಸ್ಪತ್ರೆಯ ನಂಬರನ್ನು ಮಗಳ ಫೋನಿನಲ್ಲಿ ಈಗಲೇ ಸೇವ್ ಮಾಡಿಸಿ. ಪಕ್ಕದ ಮನೆಯವರ ನಂಬರೂ ಇರಲಿ.

ಬೇರೆಯವರ ಫೋನಿನಿಂದ ಮಾಡುವುದಾದರೆ ಮೊದಲು ಒಂದು ಎಸ್ಸೆಮ್ಮೆಸ್ ಹಾಕಿಸಿ, ಆಮೇಲೆ ಕರೆ ಮಾಡಿ. ಆದರೆ ಮೋಸ ಮಾಡುವವರೂ ಇದನ್ನೇ ಮಾಡುತ್ತಾರೆ. ‘ನಿಮ್ಮ ಅಪ್ಪನಿಗೆ ಆಕ್ಸಿಡೆಂಟ್ ಆಗಿದೆ, ಕೂಡಲೇ ದುಡ್ಡು ಹಾಕಿ’ ಅನ್ನುತ್ತಾರೆ. ಈಗ ಧ್ವನಿಯನ್ನೂ ನಕಲು ಮಾಡಬಹುದು. ಹಾಗಾಗಿ ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಪದ ಇಟ್ಟುಕೊಳ್ಳಿ. ಹಳೆಯ ಹಸುವಿನ ಹೆಸರಾದರೂ ಆದೀತು. ಎಸ್ಸೆಮ್ಮೆಸ್‌ನಲ್ಲಿ ಆ ಪದ ಇದ್ದರೆ ಮಗಳು ಧೈರ್ಯವಾಗಿ ಎತ್ತುತ್ತಾಳೆ. ಇಲ್ಲದಿದ್ದರೆ, ದುಡ್ಡಿನ ಮಾತು ಬಂದರೆ, ಇಟ್ಟುಬಿಡಲಿ. ದುಡ್ಡು ಹೋಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಕೋಡ್ ಒತ್ತುವ ಹುಡುಗ, ವಾಯ್ಸ್‌ಮೇಲ್, ವಾಯ್ಸ್ ಮೆಸೇಜ್

ನಿಮ್ಮ ಫೋನಿನಲ್ಲಿ ಏನೋ ಕೋಡ್ ಒತ್ತಿ ಕರೆಗಳನ್ನು ಬೇರೆ ಕಡೆ ತಿರುಗಿಸುವುದು ಬೇಡ. ಆ ಹುಡುಗ ಒಳ್ಳೆಯವನೇ ಇರಬಹುದು. ಆದರೆ ಕಾಲ್ ಫಾರ್ವರ್ಡಿಂಗ್ ಅನ್ನೋದು ಮನೆಯ ಕೀಲಿಕೈ ಇನ್ನೊಬ್ಬರ ಕೈಗೆ ಕೊಟ್ಟ ಹಾಗೆ. ನಿಮ್ಮ ಬ್ಯಾಂಕಿನ ಒಟಿಪಿ ಕರೆಯ ಮೂಲಕ ಬಂದರೆ ಅದೂ ಅಲ್ಲಿಗೇ ಹೋಗುತ್ತದೆ. ವಾಟ್ಸಾಪ್ ಕೋಡನ್ನೂ ಕರೆಯಲ್ಲಿ ತರಿಸಿಕೊಳ್ಳಬಹುದು, ಅಲ್ಲಿಗೆ ವಾಟ್ಸಾಪ್ ಕೂಡ ಅವರದ್ದಾಗುತ್ತದೆ. *401# ಎಂದು ಒತ್ತಿಸಿ ಮೋಸ ಮಾಡುವುದು ಎಷ್ಟು ಹೆಚ್ಚಾಯಿತು ಅಂದರೆ, ಇಂಥ ಫಾರ್ವರ್ಡಿಂಗ್ ಸೇವೆಯನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸಲು ದೂರಸಂಪರ್ಕ ಇಲಾಖೆಯೇ ಹೇಳಬೇಕಾಯಿತು. ಈಗಾಗಲೇ ಯಾರಾದರೂ ಏನಾದರೂ ಒತ್ತಿದ್ದಾರಾ ಎಂದು ಅನುಮಾನ ಇದ್ದರೆ *#21# ಒತ್ತಿ ಕರೆ ಬಟನ್ ಒತ್ತಿ. ನಿಮ್ಮ ಕರೆಗಳೆಲ್ಲ ಬೇರೆ ಕಡೆ ಹೋಗುತ್ತಿದ್ದರೆ ತೋರಿಸುತ್ತದೆ. ##002# ಒತ್ತಿದರೆ ಎಲ್ಲ ಫಾರ್ವರ್ಡಿಂಗ್ ರದ್ದಾಗುತ್ತದೆ.

ನಿಮಗೆ ವಾಯ್ಸ್‌ಮೇಲ್ ಬೇಕಾ? ಬೇಡ ಎಂದೇ ಹೇಳುತ್ತೇನೆ. ಇಲ್ಲಿ ನಿಮಗೆ ಕರೆ ಮಾಡುವವರಿಗೆ ಅದರ ಅಭ್ಯಾಸವಿಲ್ಲ. ಬೀಪ್ ಕೇಳಿದ ಕೂಡಲೇ ಇಡುತ್ತಾರೆ. ಅದನ್ನು ಕೇಳಲು ಪಿನ್ ಬೇಕು, ಆ ಪಿನ್ನನ್ನು ಕಂಪನಿ ಕೊಟ್ಟ ಹಾಗೇ ಬಿಟ್ಟರೆ ಅದು ಇನ್ನೊಂದು ಅಪಾಯ. ಬ್ರಿಟನ್ನಿನಲ್ಲಿ ಪತ್ರಿಕೆಯವರು ಹೀಗೇ ಜನರ ವಾಯ್ಸ್‌ಮೇಲ್‌ಗಳನ್ನು ಕದ್ದು ಕೇಳಿದ್ದು ಬಯಲಾಗಿ, 2011ರಲ್ಲಿ ‘ನ್ಯೂಸ್ ಆಫ್ ದಿ ವರ್ಲ್ಡ್’ ಎಂಬ ದೊಡ್ಡ ವಾರಪತ್ರಿಕೆಯೇ ಮುಚ್ಚಿತು. ನಿಮ್ಮ ಮಗನಿಗೂ ವಾಯ್ಸ್‌ಮೇಲ್‌ಗೆ ಸ್ವಂತ ಪಿನ್ ಹಾಕಿಕೊಳ್ಳಲು ಹೇಳಿ.

ವಾಟ್ಸಾಪ್‌ನ ವಾಯ್ಸ್ ಮೆಸೇಜ್ ಬಗ್ಗೆ ಕೇಳಿದ್ದೀರಿ. ನಮ್ಮಲ್ಲಿ ನಿಜವಾಗಿ ವಾಯ್ಸ್‌ಮೇಲ್‌ನ ಜಾಗಕ್ಕೆ ಬಂದಿರುವುದು ಇದೇ. ಒಳ್ಳೆಯ ಸಾಧನ. ಟೈಪ್ ಮಾಡಲು ಬಾರದವರಿಗೆ ಇದರಿಂದ ದೊಡ್ಡ ಉಪಕಾರವಾಗಿದೆ. ಎಲ್ಲರಿಗೂ ಕೇಳಿಸುತ್ತೆ ಎಂಬ ನಿಮ್ಮ ಚಿಂತೆಗೆ ಸುಲಭ ದಾರಿ ಇದೆ. ಮೆಸೇಜ್ ಶುರು ಮಾಡಿ ಫೋನನ್ನು ಕಿವಿಗೆ ಹಿಡಿಯಿರಿ, ಮಾತಾಡುವಾಗ ಹಿಡಿಯುವ ಹಾಗೇ. ಸ್ಪೀಕರ್ ತಾನೇ ನಿಂತು ಕಿವಿಯ ಕಡೆಯಿಂದ ಮೆಲ್ಲಗೆ ಕೇಳಿಸುತ್ತದೆ. ಬಸ್ಸಿನಲ್ಲೂ ಹಾಗೇ ಕೇಳಿ. ಕೆಎಸ್ಸಾರ್ಟಿಸಿ ಬಸ್‌ಗಳಲ್ಲಿ ಮೊಬೈಲ್ ಸ್ಪೀಕರ್ ಜೋರಾಗಿ ಹಾಕುವುದನ್ನು 2021ರ ನವೆಂಬರ್‌ನಲ್ಲೇ ನಿಷೇಧಿಸಿದ್ದಾರೆ. ಎಷ್ಟೋ ಜನಕ್ಕೆ ಅದು ಗೊತ್ತೇ ಇಲ್ಲ.

ಆದರೆ ಐದು ನಿಮಿಷದ ಮೆಸೇಜ್ ಕಳಿಸುವುದು ಕೇಳುವವರಿಗೆ ಕಷ್ಟ. ಬರೆದದ್ದಾದರೆ ಕಣ್ಣು ಹಾಯಿಸಿ ಮುಖ್ಯವಾದದ್ದು ಹಿಡಿಯಬಹುದು. ಇದರಲ್ಲಿ ಆಗುವುದಿಲ್ಲ. ಡಾಕ್ಟರಿಗೆ ಯಾವ ದಿನ ಹೋಗಬೇಕು ಅನ್ನೋದು ನಾಲ್ಕನೇ ನಿಮಿಷದಲ್ಲಿ ಎಲ್ಲೋ ಬಂದಿರುತ್ತದೆ. ಮುಖ್ಯ ವಿಷಯ ಮೊದಲು ಹೇಳು, ತಾರೀಖು, ದುಡ್ಡು, ಮಾತ್ರೆಯ ಹೆಸರು ಇದ್ದರೆ ಬರೆದು ಕಳಿಸು, ಉಳಿದ ಮಾತು ಭಾನುವಾರ ಆಡೋಣ ಎಂದು ಮಗನಿಗೆ ಹೇಳಿ. ತಾಯಿ ಕೇಳಿದರೆ ಇಲ್ಲ ಅನ್ನುವುದಿಲ್ಲ. ತುರ್ತು ವಿಷಯವನ್ನು ನೀವೂ ವಾಯ್ಸ್ ಮೆಸೇಜ್‌ನಲ್ಲಿ ಹಾಕಿ ಸುಮ್ಮನಾಗಬೇಡಿ. ಅದು ಕೇಳುವವರ ಬಿಡುವಿಗೆ ಕಾಯುತ್ತಾ ಕೂತಿರುತ್ತದೆ.

ಕೊನೆಗೆ ಲ್ಯಾಂಡ್‌ಲೈನ್. ನಿಮ್ಮ ಯಜಮಾನರಿಗೆ ನನ್ನ ವಿನಂತಿ, ದಯವಿಟ್ಟು ತೆಗೆಸಬೇಡಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2019ರಲ್ಲಿ ಮಾಡಿದ ನಿಯಮದ ಪ್ರಕಾರ ಯಾರೂ ಎತ್ತದಿದ್ದರೆ ಮೊಬೈಲ್ 30 ಸೆಕೆಂಡ್ ರಿಂಗ್ ಆಗುತ್ತದೆ, ಲ್ಯಾಂಡ್‌ಲೈನ್ 60 ಸೆಕೆಂಡ್. ಕೊಟ್ಟಿಗೆಯಿಂದಲೋ ಹಿತ್ತಿಲಿನಿಂದಲೋ ಬಂದು ಎತ್ತುವ ವಯಸ್ಸಾದವರಿಗೆ ಹೆಚ್ಚಿಗೆ ಸಿಗುವ ಆ 30 ಸೆಕೆಂಡ್ ದೊಡ್ಡದು. ಮಲೆನಾಡಿನ ಮನೆಗಳಲ್ಲಿ ಮೊಬೈಲ್ ಸಿಗ್ನಲ್ ಹೇಗಿರುತ್ತದೆ ಎಂದು ನಾನು ನಿಮಗೆ ಹೇಳಬೇಕಾಗಿಲ್ಲ. ನಿಮ್ಮದು ಫೈಬರ್ ಲೈನ್ ಆಗಿದ್ದರೆ ಮಾತ್ರ ಒಂದು ಎಚ್ಚರಿಕೆ. ಹಳೆಯ ತಾಮ್ರದ ತಂತಿಯ ಫೋನಿಗೆ ಎಕ್ಸ್‌ಚೇಂಜಿನಿಂದಲೇ ಕರೆಂಟ್ ಬರುತ್ತಿತ್ತು. ಫೈಬರಿನ ಮೋಡೆಮ್ ಮನೆಯ ಕರೆಂಟಿನಿಂದ ನಡೆಯುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಫೋನೂ ಹೋಯಿತು. ಮೋಡೆಮ್ಮಿಗೆಂದೇ ಸಣ್ಣ ಯುಪಿಎಸ್ ಸಿಗುತ್ತದೆ, ಹಾಕಿಸಿ. ಅಥವಾ ಇನ್ವರ್ಟರ್ ಇದ್ದರೆ ಅದರ ಲೈನಿಗೆ ಸೇರಿಸಿ. ಫೈಬರ್ ಇದ್ದರೆ ಇನ್ನೊಂದು ಲಾಭವೂ ಇದೆ. ನಿಮ್ಮ ಮೊಬೈಲ್ ಸೆಟ್ಟಿಂಗ್‌ನಲ್ಲಿ ‘ವೈಫೈ ಕಾಲಿಂಗ್’ ಇದೆಯಾ ನೋಡಿ. ನಿಮ್ಮ ಸಿಮ್ ಕಂಪನಿ ಆ ಸೌಲಭ್ಯ ಕೊಡುತ್ತಿದ್ದರೆ, ಟವರ್ ಸಿಗದಿದ್ದರೂ ಮನೆಯ ವೈಫೈ ಮೂಲಕ ಮಾಮೂಲಿ ಕರೆಗಳು ಬರುತ್ತವೆ, ಹೋಗುತ್ತವೆ.

ಲ್ಯಾಂಡ್‌ಲೈನ್ ನಂಬರನ್ನೂ ಮಗನ ಫೋನಿನಲ್ಲಿ ನಿಮ್ಮ ಹೆಸರಿನ ಅಡಿಯಲ್ಲೇ ಸೇರಿಸಿ. ಸಾಗರದ ಕೋಡ್ 08183, ಆದರೆ ಮೊದಲಿನ ಸೊನ್ನೆ ಬಿಟ್ಟು +91 8183 ಎಂದು ಶುರು ಮಾಡಿ ಹಾಕಬೇಕು. ಹಾಕಿಸಿದ ಮೇಲೆ ಅವನು ಆಫೀಸಿನಲ್ಲಿ ಇರುವ ಹೊತ್ತಿನಲ್ಲೇ, ಮೊದಲೇ ಹೇಳಿ, ಮೊಬೈಲ್‌ನಿಂದ ಒಮ್ಮೆ, ಲ್ಯಾಂಡ್‌ಲೈನ್‌ನಿಂದ ಒಮ್ಮೆ ಕರೆ ಮಾಡಿ ನೋಡಿ. ಫೋನ್ ಸೈಲೆಂಟ್‌ನಲ್ಲಿ ಇದ್ದಾಗಲೂ ಬಡಿಯಿತಾ, ಯಾವ ಹೆಸರು ಕಾಣಿಸಿತು ಎಂದು ಅವನನ್ನು ಕೇಳಿ. ಅವನು ಹೊಸ ಫೋನ್ ತೆಗೆದುಕೊಂಡಾಗಲೂ ಇದನ್ನೇ ಇನ್ನೊಮ್ಮೆ ಮಾಡಿ.